ಒತ್ತು ಶ್ಯಾವಿಗೆ ಬಲ್ಲವರಿಗೆ ತಣ್ಣನೆಯ ಪಾಸ್ತಾ

ಬೇಸಿಗೆ ರಜೆಗೆ ತೀರ್ಥಹಳ್ಳಿಯ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗಳು ಪಾಸ್ತಾ ಬೇಯಿಸಿ, ಸೌತೆಕಾಯಿ, ಕ್ಯಾರೆಟ್, ದೊಣ್ಣೆಮೆಣಸು ಹೆಚ್ಚಿ ಬೆರೆಸಿ ಫ್ರಿಜ್ಜಿನಲ್ಲಿಟ್ಟಳು. ಸಂಜೆ ಬಡಿಸಿದರೆ ದೊಡ್ಡಮ್ಮ ಮುಟ್ಟಲಿಲ್ಲ. "ತಂಗಳು ಮಾರಾಯ್ತಿ, ಥಂಡಿ ಆಗ್ತದೆ" ಎಂದರು. ನೆಗಡಿ ತರುವುದು ವೈರಸ್; ತಟ್ಟೆಯ ತಂಪಿನಿಂದ ಅದು ಹುಟ್ಟುವುದಿಲ್ಲ. ಎಷ್ಟು ಸಲ ಹೇಳಿದರೂ ಈ ಮಾತು ನಮ್ಮ ಕಡೆ ಇಳಿಯುವುದೇ ಇಲ್ಲ. ಬೇಯಿಸಿದ ಹಿಟ್ಟು ಆರಿದಾಗ ಏನಾಗುತ್ತದೆ ಎಂಬುದಂತೂ ಮಲೆನಾಡಿನ ಅಡುಗೆಮನೆಗೆ ಹೊಸದಲ್ಲ.

ಒತ್ತು ಶ್ಯಾವಿಗೆಯನ್ನೇ ನೋಡಿ. ಬೆಂದ ಅಕ್ಕಿಹಿಟ್ಟಿನ ಉಂಡೆ ಒರಳಿಗೆ ಬಿದ್ದ ಕೂಡಲೇ "ಬಿಸಿ ಆರೋದ್ರೊಳಗೆ ಒತ್ತಿ" ಎಂದು ಅವಸರ ಮಾಡುವುದೇಕೆ? ಉಳಿದ ಶ್ಯಾವಿಗೆಗೆ ಮರುದಿನ ಒಗ್ಗರಣೆ ಹಾಕಿದರೆ ಎಳೆ ಎಳೆಯಾಗಿ ಬಿಡುವುದೇಕೆ? ಎರಡಕ್ಕೂ ಉತ್ತರ ಒಂದೇ: ಬೆಂದ ಪಿಷ್ಟ ಆರಿದಾಗ ಬಿಗಿಯುತ್ತದೆ. ಪಾಸ್ತಾ ಡುರಮ್ ಗೋಧಿಯ ರವೆಯದು, ಶ್ಯಾವಿಗೆ ಅಕ್ಕಿಯದು. ಪಿಷ್ಟಕ್ಕೆ ಆ ಭೇದವಿಲ್ಲ.

ಪಿಷ್ಟದಲ್ಲಿ ಗ್ಲೂಕೋಸ್ ಅಣುಗಳ ಎರಡು ಬಗೆಯ ಸರಪಳಿಗಳು. ಅಮೈಲೋಸ್ ಅಡಿಕೆ ಮರದಂತೆ ನೀಳ. ಅಮೈಲೋಪೆಕ್ಟಿನ್ ಹಲಸಿನ ಮರದಂತೆ ಕೊಂಬೆಯೋ ಕೊಂಬೆ. ಹಿಟ್ಟಿನ ಕಣದೊಳಗೆ ಇವು ಒತ್ತೊತ್ತಾಗಿ ಅಡಕವಾಗಿರುತ್ತವೆ. ನೀರಿನ ಬಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಕಣ ನೀರು ಕುಡಿದು ಉಬ್ಬುತ್ತದೆ, ಸರಪಳಿಗಳು ಬಿಡಿಸಿಕೊಳ್ಳುತ್ತವೆ. ನಾವು ಬೆಂದಿತು ಎನ್ನುವುದು ಇದನ್ನೇ. ಬಯಲಲ್ಲಿ ಚೆಲ್ಲಾಪಿಲ್ಲಿಯಾಗಿ ಆಡುತ್ತಿದ್ದ ಮಕ್ಕಳು ಗಂಟೆ ಹೊಡೆದಾಗ ಸಾಲು ಕಟ್ಟುವಂತೆ, ಆರುವಾಗ ಸರಪಳಿಗಳು ಮತ್ತೆ ಪಕ್ಕಪಕ್ಕ ಬರುತ್ತವೆ. ಅಡಿಕೆ ದಬ್ಬೆ ಜೋಡಿಸಿ ಕಟ್ಟಿದಂತೆ ಅಮೈಲೋಸ್ ಬೇಗನೆ, ಬಿಗಿಯಾಗಿ ಸೇರುತ್ತದೆ. ಅಮೈಲೋಪೆಕ್ಟಿನ್‌ನದು ಸೊಪ್ಪಿನ ಹೊರೆ: ಕಟ್ಟಲು ಹೊತ್ತು ಬೇಕು, ಕಟ್ಟಿದ ಮೇಲೂ ಸಡಿಲ. ಫ್ರಿಜ್ಜಿನ 4 ಡಿಗ್ರಿ ತಂಪು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬ್ರೆಡ್ಡಿನ ಕತೆಯೂ ಇದೇ. 1852ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಬುಸ್ಸೆಂಗೋ, ಬ್ರೆಡ್ಡನ್ನು ಗಾಳಿಯಾಡದಂತೆ ಮುಚ್ಚಿಟ್ಟು ನೋಡಿದರು. ನೀರು ಆರದಿದ್ದರೂ ಬ್ರೆಡ್ಡು ಬಿರುಸಾಯಿತು! ಒಣಗುವುದರಿಂದಲೇ ಬ್ರೆಡ್ಡು ಹಳತಾಗುತ್ತದೆ ಎಂಬ ನಂಬಿಕೆಗೆ ಬಿದ್ದ ಪೆಟ್ಟು ಅದು.

ಹೀಗೆ ಬಿಗಿದುಕೊಂಡ ಪಿಷ್ಟದ ಒಂದು ಪಾಲನ್ನು ಸಣ್ಣ ಕರುಳಿನ ಕಿಣ್ವಗಳು ಬಿಡಿಸಲಾರವು. ಅದು ದೊಡ್ಡ ಕರುಳಿಗಿಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ. ಅವು ತಯಾರಿಸುವ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ, ಕರುಳಿನ ಒಳಪದರದ ಜೀವಕೋಶಗಳಿಗೆ ಇಂಧನ. ಹೀಗೆ ಸಕ್ಕರೆಯಾಗಿ ರಕ್ತ ಸೇರದ ಆ ಪಾಲು ಸಣ್ಣದು. ಹಾಗಾಗಿ ತಣ್ಣನೆಯ ಪಾಸ್ತಾ ತಿಂದರೆ ಸಕ್ಕರೆ ಕಾಯಿಲೆ ವಾಸಿ ಎನ್ನುವವರ ಮಾತೂ ಥಂಡಿಯ ಮಾತಿನಷ್ಟೇ ಸುಳ್ಳು.

ಆರಿದ ಮೇಲೆ ಬಿರುಸಾಗುವುದರಿಂದ ಸಲಾಡಿನ ಪಾಸ್ತಾ ಒಂದು ನಿಮಿಷ ಹೆಚ್ಚೇ ಬೇಯಲಿ. ತಣ್ಣೀರಲ್ಲಿ ತೊಳೆದರೆ ಮೈಗಂಟಿದ ಪಿಷ್ಟ ಹೋಗುತ್ತದೆ; ಆಮೇಲೆ ಎಣ್ಣೆ ಸವರಿ. ಸೌತೆಕಾಯಿಗೆ ಉಪ್ಪು ಕೊನೆಗೆ ಎಂಬುದನ್ನು ಕೋಸಂಬರಿ ಮಾಡುವವರಿಗೆ ಹೇಳಬೇಕಿಲ್ಲ. ಆಲಿವ್ ಬದಲು ಉಪ್ಪಿನ ಭರಣಿಯ ಅಪ್ಪೆಮಿಡಿ ಹೆಚ್ಚಿ ಹಾಕಿ, ನಿಂಬೆರಸ, ಕಾಳುಮೆಣಸಿನ ಪುಡಿಯ ಜೊತೆ ಬಹಳ ಚೆನ್ನಾಗಿರುತ್ತದೆ.

ದೊಡ್ಡಮ್ಮನ ಭಯದಲ್ಲಿ ಒಂದು ನಿಜವೂ ಇದೆ. ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲೂ ಉಳಿಯಬಲ್ಲವು. ಬೆಂದದ್ದನ್ನು ಉಗುರು ಬೆಚ್ಚಗೆ ಒಲೆಯ ಮೇಲೇ ಬಿಟ್ಟರೆ ಮೊಳೆತು ಹೆಚ್ಚುತ್ತವೆ. ಅವು ಬಿಡುವ, ವಾಂತಿ ತರಿಸುವ ವಿಷ ಮತ್ತೆ ಕುದಿಸಿದರೂ ಹೋಗದು. ಎರಡು ಗಂಟೆಯೊಳಗೆ ಪಾತ್ರೆ ಫ್ರಿಜ್ಜು ಸೇರಲೇಬೇಕು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋದಾಗ ನಮ್ಮನೆಯಲ್ಲಿ ಈ ಸಲಾಡ್ ಮಾಡುವುದಿಲ್ಲ. ಆಗ ಬಿಸಿ ಗಂಜಿ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ.