ಓದುಗರ ಪ್ರಶ್ನೆ: ಶ್ರೀಲಂಕಾದ ಅತಿ ಎತ್ತರದ ಬೆಟ್ಟ ಶ್ರೀಪಾದ ಅಲ್ವಾ?

ಅಲ್ಲ. ಅತಿ ಎತ್ತರದ್ದು ಪಿದುರುತಲಾಗಲ, 2,524 ಮೀಟರ್. ನುವರ ಎಲಿಯ ಊರಿನ ಪಕ್ಕದಲ್ಲೇ ಇದೆ.

ಗಂಗಾವತಿ, ಕೊಪ್ಪಳದ ಕಡೆಯಿಂದ ರಾಮಾಯಣದ ಜಾಗಗಳನ್ನು ನೋಡಲು ಲಂಕೆಗೆ ಹೋಗಿ ಬಂದವರು ಇದನ್ನೇ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ. ಸೀತಾ ಎಲಿಯದ ಅಮ್ಮನ ಗುಡಿಗೆ ಹೋದವರು ಪಿದುರುತಲಾಗಲದ ಹತ್ತಿರವೇ ಓಡಾಡಿರುತ್ತಾರೆ. ಆದರೂ ಮನಸ್ಸಿನಲ್ಲಿ ಉಳಿಯುವುದು ಶ್ರೀಪಾದ! ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ.

ಶ್ರೀಪಾದದ ಎತ್ತರ 2,243 ಮೀಟರ್. ಅಂದರೆ 281 ಮೀಟರ್ ಕಡಿಮೆ. ಅದಕ್ಕೆ ಎರಡನೇ ಸ್ಥಾನವೂ ಇಲ್ಲ. ಹಾರ್ಟನ್ ಪ್ಲೇನ್ಸ್ ಬಯಲಿನ ಕಿರಿಗಲ್‌ಪೊತ್ತ 2,388 ಮೀಟರ್, ತೊಟುಪೊಲ 2,357 ಮೀಟರ್.

ಮತ್ತೆ ಈ ತಪ್ಪು ಯಾಕೆ? ಬಳ್ಳಾರಿಯವರಿಗೆ ಇದು ಬೇಗ ಗೊತ್ತಾಗಬೇಕು. ಊರ ನಡುವಿನ ಕೋಟೆ ಗುಡ್ಡ ಎಷ್ಟು ದೊಡ್ಡದಾಗಿ ಕಾಣುತ್ತದೆ! ಸಂಡೂರಿನ ಗುಡ್ಡಗಳು ಅದಕ್ಕಿಂತ ಎತ್ತರ. ಆದರೆ ಅವು ಸಾಲಾಗಿ ಹಬ್ಬಿವೆ, ಕಣ್ಣು ಒಂದರ ಮೇಲೆ ನಿಲ್ಲುವುದಿಲ್ಲ. ಗದ್ದೆಗಳ ನಡುವಿನಿಂದ ಅಂಜನಾದ್ರಿ ನೋಡಿದರೂ ಹಾಗೇ. ಬುಡದಿಂದ ತುದಿಯವರೆಗೆ ಒಂದೇ ನೋಟಕ್ಕೆ ಸಿಗುತ್ತದೆ.

ಶ್ರೀಪಾದವೂ ಲಂಕೆಯ ಮಲೆನಾಡಿನ ಅಂಚಿನಲ್ಲಿ ಗೋಪುರದ ಹಾಗೆ ಒಂಟಿಯಾಗಿ ಎದ್ದಿದೆ. ಹಿಂದೆ ಹಡಗಿನವರಿಗೆ ಸಮುದ್ರದಿಂದಲೇ ಕಾಣುತ್ತಿತ್ತು. 14ನೇ ಶತಮಾನದಲ್ಲಿ ಇಬ್ನ್ ಬತೂತ ಅದನ್ನು ಹತ್ತಿ ಬಂದ. ತುದಿಯ ಹೆಜ್ಜೆಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. ಇಷ್ಟು ಜನ ಕೈಮುಗಿಯುವ ಬೆಟ್ಟವೇ ದೊಡ್ಡದು ಅನ್ನಿಸುವುದು ಸಹಜ. ಆದರೆ ಭಕ್ತಿಯನ್ನು ಮೀಟರಿನಲ್ಲಿ ಅಳೆಯಬೇಡಿ.

ಪಿದುರುತಲಾಗಲದ ಕಥೆಯೇ ಬೇರೆ. ನುವರ ಎಲಿಯ ಊರೇ ಸುಮಾರು 1,870 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ಆ ಊರಿಗಿಂತ ಸ್ವಲ್ಪವೇ ಜಾಸ್ತಿ. ಹಾಗಾಗಿ ಊರಿನಿಂದ ಬೆಟ್ಟ ನೋಡುವುದೆಂದರೆ ಮಾಳಿಗೆ ಮೇಲೆ ನಿಂತು ನೀರಿನ ಟ್ಯಾಂಕ್ ನೋಡಿದ ಹಾಗೆ. ಮೇಲೆ ಟಿವಿ ಪ್ರಸಾರದ ಗೋಪುರಗಳಿವೆ, ಸೈನ್ಯದ ಕಾವಲಿದೆ. ಲಂಕೆಯ ಅಂತರ್ಯುದ್ಧದ ವರ್ಷಗಳಲ್ಲಿ ಸಾಮಾನ್ಯ ಜನರನ್ನು ಬಿಡುತ್ತಲೇ ಇರಲಿಲ್ಲ. ಹೆಸರು ಹೇಗೆ ಹಬ್ಬಬೇಕು?

ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗಿ, "ಹಂಗಾದ್ರೆ ಎತ್ತರ ಎಲ್ಲಿಂದ ಅಳೀಬೇಕು ಅನ್ನೋದೇ ಮುಖ್ಯ ಅಲ್ವಾ ಸರ್?" ಅಂದಳು. ಅವತ್ತು ತುಂಬಾ ಖುಷಿಯಾಯಿತು.

ಪಿದುರುತಲಾಗಲದಲ್ಲಿ ಏನು ಬೆಳೆಯುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಅದೇ ಇಷ್ಟದ ವಿಷಯ. ಇಳಿಜಾರಿನಲ್ಲಿ ಮಂಜಿನ ಕಾಡಿದೆ. ಗಾಳಿ ಚಳಿಗೆ ಮರಗಳು ಗಿಡ್ಡಾಗಿ, ಸೊಟ್ಟಗೆ ಬೆಳೆಯುತ್ತವೆ. ಕೊಂಬೆ ತುಂಬಾ ಪಾಚಿ. ಮಂಜು ಎಲೆಗೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ. ಚಿರತೆಯೂ ಇದೆ. ಕೆಂಪು ಹೂವಿನ ರೋಡೋಡೆಂಡ್ರಾನ್ ಮರವೂ ಇದೆ.

ಅದೇ ಜಾತಿಯ ಮರ ನೀಲಗಿರಿಯಲ್ಲೂ ಇದೆ, ಹಿಮಾಲಯದಲ್ಲೂ ಇದೆ. ನಡುವೆ ಬಿಸಿ ಬಯಲು, ಆಮೇಲೆ ಸಮುದ್ರ. ದಾಟಿದ್ದು ಹೇಗೆ? ಹಿಮಯುಗದಲ್ಲಿ ಸಮುದ್ರ ಇಳಿದು, ಪಾಕ್ ಜಲಸಂಧಿ ಒಣನೆಲವಾಗಿತ್ತು. ತಂಪಿಗೆ ಬೆಟ್ಟದ ಗಿಡಗಳು ಕೆಳಗೂ ಹಬ್ಬಿದವು. ಮತ್ತೆ ಬಿಸಿಲು ಏರಿದಾಗ ತುದಿಗಳಿಗೆ ಹಿಂದೆ ಸರಿದವು. ಊಟಿಯ ದೊಡ್ಡಬೆಟ್ಟಕ್ಕೆ ಹೋದಾಗ ಆ ಮರ ಹುಡುಕಿ. ಅಂದಹಾಗೆ ದೊಡ್ಡಬೆಟ್ಟ 2,637 ಮೀಟರ್, ಪಿದುರುತಲಾಗಲಕ್ಕಿಂತ ಎತ್ತರ.