ಹಂದಿಗೋಡಿನಿಂದ ನೋಡಿದರೆ ಜೀನ್ ತಿದ್ದುವ ಮಾತು

ಹುಟ್ಟಲಿರುವ ಮಗುವಿನ ಜೀನ್ ತಿದ್ದಬಹುದೇ ಎಂಬ ಚರ್ಚೆ ಎದ್ದಾಗಲೆಲ್ಲ ಚೀನಾದ ಹೆಸರು ಬರುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರಿಗೆ ನೆನಪಾಗುವುದು ಹಂದಿಗೋಡು ಎಂಬ ಊರು.

1974–75ರ ಸುಮಾರಿಗೆ ಆ ಊರಿನ ದಲಿತ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿ ಹಿಡಿದುಕೊಳ್ಳುವ ಕಾಯಿಲೆ ಬೆಳಕಿಗೆ ಬಂತು. ನಡೆಯುತ್ತಿದ್ದವರು ಕೋಲು ಹಿಡಿದರು, ಕೋಲು ಹಿಡಿದವರಲ್ಲಿ ಕೆಲವರು ತೆವಳಿದರು. ಮೊದಲ ಗುಮಾನಿ ಗದ್ದೆಯ ಏಡಿಯ ಮೇಲೆ. ಭತ್ತಕ್ಕೆ ಹೊಡೆದ ಔಷಧಿ ಏಡಿ, ಮೀನಿಗೆ ಸೇರಿ, ಅವನ್ನು ಹಿಡಿದು ತಿಂದವರ ಕೀಲಿಗೆ ಇಳಿಯಿತು ಎಂಬ ಲೆಕ್ಕ. ಆಮೇಲೆ ಎಕ್ಸ್‌ರೇ, ವಂಶಾವಳಿ ಎಲ್ಲ ನೋಡಿದ ಸಂಶೋಧಕರು, ಇದು ಮೂಳೆ ಬೆಳೆಯುವುದರಲ್ಲೇ ಇರುವ ಆನುವಂಶಿಕ ದೋಷ ಎಂದರು. ಅಪ್ಪ, ಅಮ್ಮನಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

‘ವಂಶದ್ದು’ ಎಂದದ್ದೇ ತಡ, ಗದ್ದೆಯಲ್ಲಿದ್ದ ಪ್ರಶ್ನೆ ಮನೆಯೊಳಕ್ಕೆ ಬಂತು. ಯಾರು ಯಾರನ್ನು ಮದುವೆಯಾಗಬೇಕು, ಯಾರು ಹೆರಬಾರದು ಎಂಬುದು ಊರ ಮಾತಾಗುವುದು ಸುಲಭ. (ಸೋದರಿಕೆಯ ಮದುವೆಯ ಮೇಲೆ ತಪ್ಪು ಹೊರಿಸುವವರು, ಒಬ್ಬರಿಂದಲೇ ದಾಟುವ ಕಾಯಿಲೆಗೆ ಸೋದರಿಕೆ ಬೇಕಿಲ್ಲ ಎಂಬುದನ್ನು ಮರೆಯುತ್ತಾರೆ.)

ಅತ್ತ 1978ರಲ್ಲಿ ಇಂಗ್ಲೆಂಡಿನಲ್ಲಿ ಲೂಯಿ ಬ್ರೌನ್, ಅದೇ ವರ್ಷ ಕೋಲ್ಕತ್ತದಲ್ಲಿ ದುರ್ಗಾ ಪ್ರನಾಳ ಶಿಶುಗಳಾಗಿ ಹುಟ್ಟಿದರು. ದುರ್ಗಾಳ ಹುಟ್ಟಿಗೆ ಕಾರಣರಾದ ವೈದ್ಯ ಸುಭಾಷ್ ಮುಖರ್ಜಿಯವರನ್ನು ಯಾರೂ ನಂಬದೆ, ಅವರು 1981ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಹೀಗೆ ದೇಹದ ಹೊರಗೆ ಅಂಡಕ್ಕೆ ವೀರ್ಯ ಕೂಡಿಸಿ, ಆದ ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಐವಿಎಫ್ ಈಗ ಜಿಲ್ಲಾ ಕೇಂದ್ರಗಳ ಬೋರ್ಡುಗಳಲ್ಲೂ ಕಾಣುವ ಪದ.

ಗರ್ಭಕ್ಕೆ ಸೇರಿಸುವ ಮೊದಲೇ ಭ್ರೂಣದ ಜೀನ್ ಪರೀಕ್ಷಿಸುವುದು ಇದರ ಮುಂದಿನ ಮೆಟ್ಟಿಲು. ನಮ್ಮ ದೇಶದ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ಹೆಣ್ಣೋ ಗಂಡೋ ಎಂದು ಆರಿಸುವುದನ್ನು ತಡೆಯುತ್ತದೆ, ಆನುವಂಶಿಕ ಕಾಯಿಲೆ ಹುಡುಕುವುದಕ್ಕೆ ದಾರಿ ಬಿಡುತ್ತದೆ. ಹಾಗಾದರೆ ಹಂದಿಗೋಡಿಗೂ ದಾರಿ ಇದೆಯಲ್ಲ ಎನ್ನಬಹುದು. ಕಾಗದದಲ್ಲಿ ಇದೆ. ಆದರೆ ಯಾವ ಜೀನಿನಲ್ಲಿ ಏನು ಕೆಟ್ಟಿದೆ ಎಂದು ಮೊದಲು ಗೊತ್ತಿರಬೇಕು. ಆಮೇಲೆ ಲಕ್ಷದ ಲೆಕ್ಕದ ಖರ್ಚು, ಕೂಲಿ ಬಿಟ್ಟು ಮತ್ತೆ ಮತ್ತೆ ಪೇಟೆಗೆ ಓಡಾಟ.

2018ರ ನವೆಂಬರಿನಲ್ಲಿ ಹೆ ಜಿಯಾನ್‌ಕ್ವಿ ಎಂಬ ಚೀನಾದ ವಿಜ್ಞಾನಿ, ಜೀನ್ ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರ ಬಳಸಿ, ಎಚ್‌ಐವಿ ಜೀವಕೋಶದೊಳಕ್ಕೆ ನುಗ್ಗಲು ನೆರವಾಗುವ ಸಿಸಿಆರ್5 ಜೀನನ್ನು ಭ್ರೂಣದಲ್ಲೇ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದು ಸಾರಿದರು. ಆ ಭ್ರೂಣಗಳಿಗೆ ಕಾಯಿಲೆಯೇ ಇರಲಿಲ್ಲ. ಎಚ್‌ಐವಿ ಇದ್ದದ್ದು ತಂದೆಗೆ, ಅದು ಮಗುವಿಗೆ ತಗುಲದಂತೆ ವೀರ್ಯ ತೊಳೆದು ಬಳಸುವ ವಿಧಾನ ಆಗಲೇ ಇತ್ತು. ಮರುವರ್ಷ ಆ ವಿಜ್ಞಾನಿಗೆ ಮೂರು ವರ್ಷ ಜೈಲಾಯಿತು. ಗಟ್ಟಿ ಮಗುವನ್ನು ಇನ್ನಷ್ಟು ಗಟ್ಟಿ ಮಾಡುವುದು ಸರಿಯೇ ಎಂದು ಜಗತ್ತು ಆಗ ಕೇಳಿಕೊಂಡಿತು, ಈಗಲೂ ಕೇಳುತ್ತಿದೆ.

ಹಂದಿಗೋಡು ಕಾಯಿಲೆ ಇರುವವರು ಕೇಳುವುದು ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ, ಕೂಲಿಗೆ ಹೋಗಲಾಗದ ತಿಂಗಳುಗಳಿಗೆ ಮಾಸಾಶನ.