ಕಾಫಿ ತೋಟದ ನೆರಳು ಮರ, ನಾಟಾ ಲೆಕ್ಕ: 24-34-48-68 ಬಾಯಿಪಾಠ ಮಾಡ್ಕೊಳ್ಳಿ

ಕಾಫಿ ರೇಟ್ ಬಿದ್ದ ವರ್ಷ ನೆರಳು ಮರದ ನಾಟಾ (ಕೊಯ್ದು ಬಳಸೋ ಮರ) ಮಾರಿದ ದುಡ್ಡು ಕೈ ಹಿಡಿಯುತ್ತೆ ಅನ್ನೋದು ಎಲ್ರಿಗೂ ಗೊತ್ತಿರೋದೇ, ಅದನ್ನ ಮತ್ತೆ ಬರೆಯಲ್ಲ. ಮರದ ಆಯ್ಕೆನೂ ಬೇಗ ಮುಗಿಸ್ತೀನಿ. ಹಾಲುವಾಣ ನೆರಳಿಗೂ ಮಣ್ಣಿಗೂ ಒಳ್ಳೇದು, ಆದ್ರೆ ಮರ ಮೆತ್ತಗೆ, ನಾಟಾಗೆ ಬರಲ್ಲ. ಸಿಲ್ವರ್ ಓಕ್ ನೇರವಾಗಿ, ಬೇಗ ಬೆಳೆಯುತ್ತೆ. ಮಧ್ಯ ಅಮೆರಿಕದ ಕಾಫಿ ತೋಟಗಳಲ್ಲಿ ಇದೇ ಕೆಲಸಕ್ಕೆ ಕಾರ್ಡಿಯಾ ಅಲಿಯೊಡೋರಾ ಅನ್ನೋ ಮರ ಇದೆ, ಕೆಳಗಿನ ಕೊಂಬೆಗಳನ್ನ ತಾನೇ ಉದುರಿಸಿಕೊಳ್ಳೋದ್ರಿಂದ ಕಾಂಡ ಕ್ಲೀನಾಗಿ ಬರುತ್ತೆ. ಸಿಲ್ವರ್ ಓಕ್‌ಗೆ ನಾವೇ ಮರಗಸಿ ಮಾಡ್ಬೇಕು, ಪಕ್ಕದ ಕೊಂಬೆ ತೆಗೀರಿ ಆದ್ರೆ ತುದಿ ಕಡೀಬೇಡಿ, ತುದಿ ಹೋದ ಮರ ಕವಲೊಡೆದು ಉದ್ದದ ನಾಟಾ ಕೊಡಲ್ಲ.

ಈಗ ತಲೆ ಕೆಡಿಸೋ ಭಾಗ, ಅಳತೆ.

ದಿಮ್ಮಿನ ಘನ ಅಡಿ ಲೆಕ್ಕ ಹಾಕೋ ಹಳೇ ಪದ್ಧತಿ ಹಾಪಸ್, ಅಂದ್ರೆ ಕಾಲು ಸುತ್ತಳತೆ ಸೂತ್ರ. ದಿಮ್ಮಿನ ನಡುಮಧ್ಯದಲ್ಲಿ ಟೇಪ್ ಸುತ್ತಿ (ಬುಡದಲ್ಲಲ್ಲ, ನಿಂತ ಮರದ ಎದೆಮಟ್ಟದಲ್ಲೂ ಅಲ್ಲ, ಉರುಳಿಸಿ ತುಂಡು ಮಾಡಿದ ದಿಮ್ಮಿನ ನಡುವೆ), ಬಂದ ಇಂಚನ್ನ 4ರಿಂದ ಭಾಗಿಸಿ, ಅದನ್ನ ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, ಕೊನೆಗೆ 144ರಿಂದ ಭಾಗಿಸಿ. ಉದಾಹರಣೆಗೆ ಸುತ್ತಳತೆ 48 ಇಂಚು, ಉದ್ದ 20 ಅಡಿ. ಕಾಲು ಭಾಗ 12, ಹನ್ನೆರಡು ಹನ್ನೆರಡ್ಲಿ 144, ಅದು ಕೆಳಗಿನ 144ಕ್ಕೆ ಹೊಡೆದುಹೋಗುತ್ತೆ, ಉಳಿಯೋದು 20 ಘನ ಅಡಿ.

ಇದನ್ನೇ ವೃತ್ತದ ಸೂತ್ರದಲ್ಲಿ ಹಾಕಿದ್ರೆ 25.5 ಘನ ಅಡಿ ಬರುತ್ತೆ! ಉಳಿದ ಐದೂವರೆ ಎಲ್ಲಿ ಹೋಯ್ತು? ಹಾಪಸ್ ಸೂತ್ರ ಯಾವಾಗ್ಲೂ ನಿಜವಾದ ಗಾತ್ರದ 78.5 ಪರ್ಸೆಂಟ್ ಮಾತ್ರ ತೋರಿಸುತ್ತೆ, ಕೊಯ್ಯುವಾಗ ಸುತ್ತಲಿನ ಹೊರಪಟ್ಟಿ ವೇಸ್ಟ್ ಆಗುತ್ತಲ್ಲ, ಅದನ್ನ ಮೊದಲೇ ಬಿಟ್ಟು ಲೆಕ್ಕ ಹಿಡಿದ ಹಾಗೆ. ಇದು ಮೋಸ ಅಲ್ಲ, ರೇಟೂ ಅದೇ ಅಳತೆ ಮೇಲೆ ನಿಂತಿದ್ರೆ. ಹಾಪಸ್ ಘನ ಅಡಿಗೆ ರೇಟು 100 ಅಂತಿಟ್ಕೊಂಡ್ರೆ ನಿಜವಾದ ಘನ ಅಡಿಗೆ ಅದು 78.5, ಎರಡರಲ್ಲೂ ದಿಮ್ಮಿಗೆ ಬರೋದು 2000ವೇ. ಅಪಾಯ ಇರೋದು ಎರಡನ್ನೂ ಕಲೆಸಿದಾಗ, ರೇಟು ನಿಜವಾದ ಘನ ಅಡಿದು, ಅಳತೆ ಹಾಪಸ್‌ದು ಆದ್ರೆ ಐದನೇ ಒಂದು ಭಾಗಕ್ಕಿಂತ ಜಾಸ್ತಿ ದುಡ್ಡು ಹೋಯ್ತು. ಹಾಗಾಗಿ ರೇಟ್ ಕೇಳೋ ಮೊದಲು ಯಾವ ಅಳತೆ ಅಂತ ಕೇಳಿ.

ಈಗ ನನಗೆ ತುಂಬಾ ಇಷ್ಟವಾದ ಶಾರ್ಟ್‌ಕಟ್. ಸುತ್ತಳತೆ 48 ಇಂಚಾದ್ರೆ ಎಷ್ಟು ಅಡಿ ಉದ್ದವೋ ಅಷ್ಟೇ ಹಾಪಸ್ ಘನ ಅಡಿ. 34 ಇಂಚಾದ್ರೆ ಅದರ ಅರ್ಧ. 24 ಆದ್ರೆ ಕಾಲು. 68 ಆದ್ರೆ ಎರಡರಷ್ಟು. 34ಕ್ಕೂ 68ಕ್ಕೂ ಚೂರು ದಶಮಾಂಶ ಹೆಚ್ಚು ಬರುತ್ತೆ, ತೋಟದಲ್ಲಿ ನಿಂತು ಅಂದಾಜು ಹಾಕೋಕೆ ಅದು ಲೆಕ್ಕಕ್ಕಿಲ್ಲ. ಇದರಿಂದಲೇ ಯಾವಾಗ ಕಡೀಬೇಕು ಅನ್ನೋದೂ ಅರ್ಥ ಆಗುತ್ತೆ, 34 ಇಂಚಿನ ಮರದ ಸುತ್ತಳತೆ ಇನ್ನು 14 ಇಂಚು ಜಾಸ್ತಿ ಆದ್ರೆ ಸಾಕು, ಅದೇ ಉದ್ದದಲ್ಲಿ ನಾಟಾ ಡಬಲ್, ದಪ್ಪ ದಿಮ್ಮಿಗೆ ಸಾಮಾನ್ಯವಾಗಿ ಘನ ಅಡಿ ರೇಟೂ ಜಾಸ್ತಿ. ಸಣ್ಣ ಮರನ ಅವಸರಕ್ಕೆ ಕೊಡೋದು ನಿಜವಾಗ್ಲೂ ನಷ್ಟ.

ತೊಗಟೆ ಬಗ್ಗೆ ಒಂದು ಮಾತು. ತೊಗಟೆ ಅರ್ಧ ಇಂಚು ದಪ್ಪ ಇದ್ರೆ ಸುತ್ತಳತೆಯಲ್ಲಿ ಅರ್ಧ ಇಂಚಲ್ಲ ಕಳೆಯೋದು, ಒಂದು ಇಂಚೂ ಅಲ್ಲ. ವ್ಯಾಸ ಎರಡೂ ಕಡೆಯಿಂದ ಸೇರಿ ಒಂದು ಇಂಚು ಕಮ್ಮಿ ಆಗುತ್ತೆ, ಸುತ್ತಳತೆ ವ್ಯಾಸದ 3.14ರಷ್ಟು, ಅಂದ್ರೆ 3.14 ಇಂಚು ಕಮ್ಮಿ. 48 ಹೋಗಿ 45ಕ್ಕೆ ಚೂರು ಕೆಳಗೆ ಬರುತ್ತೆ, ನಮ್ಮ 20 ಘನ ಅಡಿ ಹದಿನೇಳೂವರೆ ಆಗುತ್ತೆ. ಅಷ್ಟು ತೆಳು ತೊಗಟೆಗೆ ಇಷ್ಟು ವ್ಯತ್ಯಾಸ! ತೊಗಟೆ ಮೇಲಿನ ಅಳತೆನಾ, ಕೆತ್ತಿದ ಮೇಲಿನದಾ ಅಂತ ಮೊದಲೇ ಮಾತಾಡ್ಕೊಳ್ಳಿ.

ಬಂದ ದುಡ್ಡೆಲ್ಲ ಲಾಭ ಅಲ್ಲ, ಕಾಫಿ ಕಡೆಯ ಖರ್ಚು ಕಳೀಬೇಕು. ಮರ ಬೀಳುವಾಗ ಮುರಿದ ಗಿಡಗಳನ್ನ ಬುಡದಿಂದ ಚಿಗುರಿಸಬಹುದು, ಆದ್ರೆ ಫಸಲಿಗೆ ಕೆಲವು ವರ್ಷ ಕಾಯ್ಬೇಕು. ಅದಕ್ಕೇ ಕೊಯ್ಲು ಮುಗಿದ ಮೇಲೆ, ಮೊದಲು ಕೊಂಬೆ ಇಳಿಸಿ, ಹಗ್ಗ ಕಟ್ಟಿ ಸಾಲಿನ ಮಧ್ಯಕ್ಕೆ ಬೀಳಿಸೋದು. ಕಾಫಿ ರೇಟ್ ಏರಿದ ವರ್ಷ ಮುರಿದ ಒಂದೊಂದು ಗಿಡನೂ ದುಬಾರಿ, ಇಳಿದ ವರ್ಷ ಅದೇ ನಷ್ಟ ಚಿಕ್ಕದು. ಒಂದೇ ಕಡೆ ಹತ್ತಾರು ಮರ ತೆಗೆದ್ರೆ ಬಿಸಿಲು ಬಿದ್ದು ಅರೇಬಿಕಾಗೆ ಬಿಳಿ ಕಾಂಡಕೊರಕದ ಕಾಟ ಶುರು, ಆ ಹುಳಕ್ಕೆ ಬಿಸಿಲು ಬೀಳೋ ಗಿಡನೇ ಇಷ್ಟ. ಮೆಣಸಿನ ಬಳ್ಳಿ ಹಬ್ಬಿರೋ ಮರ ಆದ್ರೆ ಬಳ್ಳಿಯ ಮುಂದಿನ ವರ್ಷಗಳ ಫಸಲನ್ನೂ ಕಳೀರಿ, ಎಷ್ಟೋ ಸಲ ಅಂಥ ಮರ ನಿಂತಿದ್ರೇ ಲಾಭ.

ಹಾಗಾಗಿ 200 ಮರ ಇದ್ದು, ಒಂದು ಮರಕ್ಕೆ 25 ವರ್ಷ ಬೇಕು ಅಂತ ಹಿಡಿದ್ರೆ, ವರ್ಷಕ್ಕೆ 8 ಮರ ಮಾತ್ರ, ತೋಟದ ಬೇರೆ ಬೇರೆ ಮೂಲೆಯಿಂದ ಆರಿಸಿ. ಸಸಿ ಮಾತ್ರ ಎಂಟಲ್ಲ, ಹತ್ತು ಹನ್ನೆರಡು ನೆಡಿ, ಕೆಲವು ಸಾಯುತ್ವೆ, ಕೆಲವು ಸೊಟ್ಟಗೆ ಬರುತ್ವೆ, ಅವನ್ನ ಮೂರ್ನಾಲ್ಕು ವರ್ಷದಲ್ಲೇ ತೆಗೆದುಬಿಡಬಹುದು.